ಹುಲ್ಲಿನ ರನ್‌ವೇಯಲ್ಲಿ ಮೈಕ್ರೋಲೈಟ್ ಜಾರಿ ಪಕ್ಕಕ್ಕೆ ಹೋಗಿದೆ: ಇದನ್ನು ಯಾರಿಗೆ ತಿಳಿಸಬೇಕು, ಎಷ್ಟು ಹೊತ್ತಿನೊಳಗೆ?

ಗದ್ದೆಮನೆ (ಸೋಮವಾರಪೇಟೆ ತಾಲ್ಲೂಕು), ಶನಿವಾರ ಮಧ್ಯಾಹ್ನ

ಎಲ್ಲರಿಗೂ ನಮಸ್ಕಾರ. ವಿಮಾನ ಹಾರಾಟದ ನಿಯಮಗಳನ್ನು ಬಲ್ಲವರು ಇಲ್ಲಿ ಕೆಲವರಿದ್ದಾರೆಂದು ತಿಳಿದು, ಸ್ವಲ್ಪ ಆತಂಕದಲ್ಲಿಯೇ ಇದನ್ನು ಬರೆಯುತ್ತಿದ್ದೇನೆ.

ನಮ್ಮ ಮನೆಯ ಕೆಳಗಿನ ಗದ್ದೆಗಳಲ್ಲಿ ಹತ್ತು ವರ್ಷಗಳಿಂದ ಭತ್ತ ಬೆಳೆದಿಲ್ಲ. ಅದರಲ್ಲಿ ಉದ್ದವಾದ ಒಂದು ಪಟ್ಟಿಯನ್ನು ಸಮ ಮಾಡಿಸಿ, ಹುಲ್ಲು ಬೆಳೆಸಿ, ನನ್ನ ತಮ್ಮ (ಚಿಕ್ಕಪ್ಪನ ಮಗ) ಮತ್ತು ಅವನ ಪಾಲುದಾರರು ಮೈಕ್ರೋಲೈಟ್ ಎಂಬ ಎರಡು ಆಸನದ, ತೀರಾ ಹಗುರವಾದ ಒಂದು ವಿಮಾನವನ್ನು ಅನುಮತಿ ಪಡೆದು ಹಾರಿಸುತ್ತಿದ್ದಾರೆ. ಜಾಗ ನನ್ನದು, ವಿಮಾನ ಅವರದು. ನಿನ್ನೆ ರಾತ್ರಿ ಕಾಫಿಗೆ ಬ್ಯಾಕಿಂಗ್ ಮಳೆ (ಹೂ ಅರಳಿದ ಮೇಲೆ ಬೇಕಾಗುವ ಮಳೆ) ಚೆನ್ನಾಗಿ ಬಂತು, ತೋಟದವರಾದ ನಾವೆಲ್ಲ ಸಂತೋಷಪಟ್ಟೆವು. ಆದರೆ ಇಂದು ಬೆಳಿಗ್ಗೆ ಹತ್ತೂವರೆಗೆ ನನ್ನ ತಮ್ಮ, ಮೈಸೂರಿನಿಂದ ಬಂದಿದ್ದ ಸ್ನೇಹಿತನನ್ನು ಕೂರಿಸಿಕೊಂಡು ಒಂದು ಸುತ್ತು ಹಾರಿ ಇಳಿಯುವಾಗ, ಒದ್ದೆ ಹುಲ್ಲಿನ ಮೇಲೆ ಬ್ರೇಕ್ ಹಿಡಿಯದೆ ವಿಮಾನ ಎಡಕ್ಕೆ ಎಳೆದುಕೊಂಡು, ಹುಲ್ಲು ಕತ್ತರಿಸಿದ ಪಟ್ಟಿಯನ್ನು ದಾಟಿ ಹಳೆಯ ಬದುವಿನ ಗುರುತಿಗೆ ಮುಂದಿನ ಚಕ್ರ ಬಡಿದು ನಿಂತಿತು. ಮುಂದಿನ ಚಕ್ರದ ಕಾಲು ಹಿಂದಕ್ಕೆ ಮಡಚಿಕೊಂಡಿದೆ. ಪ್ರೊಪೆಲ್ಲರ್ ನೆಲಕ್ಕೆ ತಾಗಿ, ಎರಡು ಅಲಗುಗಳ ತುದಿ ನಾಲ್ಕು ಬೆರಳಷ್ಟು ಮುರಿದಿದೆ. ಬೆಂಕಿಯೂ ಇಲ್ಲ, ರಕ್ತವೂ ಇಲ್ಲ. ಇಬ್ಬರೂ ತಾವೇ ಇಳಿದು ಬಂದರು. ಸ್ನೇಹಿತನಿಗೆ ಮಣಿಕಟ್ಟು ಸ್ವಲ್ಪ ನೋಯುತ್ತಿತ್ತು, ಕಾಫಿ ಕುಡಿದು ಕಾರಿನಲ್ಲಿ ಮೈಸೂರಿಗೆ ಹೊರಟರು.

ತೋಟದ ಆರು ಜನ ಸೇರಿ ವಿಮಾನವನ್ನು ಎತ್ತಿ ತಳ್ಳಿ ಹ್ಯಾಂಗರ್‌ಗೆ ತಂದಿದ್ದಾರೆ. ಈಗ ಪಾಲುದಾರರೊಬ್ಬರು, ಷೆಡ್ಡಿನಲ್ಲಿ ಬದಲಿ ಪ್ರೊಪೆಲ್ಲರ್ ಇದೆ, ಚಕ್ರದ ಕಾಲನ್ನು ಕುಶಾಲನಗರದಲ್ಲಿ ನೆಟ್ಟಗೆ ಮಾಡಿಸಿದರೆ ಬುಧವಾರ ಹಾರಬಹುದು, ಇಷ್ಟಕ್ಕೆಲ್ಲ ದೆಹಲಿಯವರೆಗೆ ಬರೆಯುವುದೇಕೆ ಎನ್ನುತ್ತಿದ್ದಾರೆ. ತಮ್ಮನಿಗೆ ಮನಸ್ಸು ಒಪ್ಪುತ್ತಿಲ್ಲ, ಆದರೆ ತಿಳಿಸಿದರೆ ಹಾರಾಟವನ್ನೇ ನಿಲ್ಲಿಸಿಬಿಡುತ್ತಾರೆ ಎಂಬ ಭಯವೂ ಇದೆ. ಇದು ಕಾನೂನಿನ ಕಣ್ಣಿನಲ್ಲಿ ಅಪಘಾತವೇ? ಯಾರಿಗೆ, ಯಾವಾಗ ತಿಳಿಸಬೇಕು? ವಿಮಾನವನ್ನು ಸರಿಸಿದ್ದು ತಪ್ಪಾಯಿತೇ? ಜಾಗದ ಒಡೆಯನಾಗಿ ನನ್ನ ಹೊಣೆ ಏನು? ದಯವಿಟ್ಟು ಗೊತ್ತಿದ್ದವರು ತಿಳಿಸಿ.

ನಿವೃತ್ತ ವಾಯುಸೈನಿಕ, ವಿರಾಜಪೇಟೆ

ಮೊದಲು ಕೈಯಲ್ಲಿರುವ ಕೆಲಸ, ಆಮೇಲೆ ಕಾನೂನು. ಈ ಉತ್ತರ ಓದಿದ ಕೂಡಲೇ ಮೂರು ಬಿದಿರು ಗೂಟ ಮತ್ತು ಕಾಫಿ ಒಣಗಿಸುವ ಟಾರ್ಪಾಲುಗಳನ್ನು ತೆಗೆದುಕೊಂಡು ಗದ್ದೆಗೆ ಹೋಗಿ. ಚಕ್ರ ಮೊದಲು ನೆಲ ಮುಟ್ಟಿದ ಜಾಗ, ಎಡಕ್ಕೆ ತಿರುಗಲು ಶುರುವಾದ ಜಾಗ, ನಿಂತ ಜಾಗ, ಈ ಮೂರಕ್ಕೂ ಗೂಟ ಹೊಡೆದು, ಜಾರಿದ ಗುರುತುಗಳ ಫೋಟೊ ತೆಗೆದು, ಹೆಜ್ಜೆಯ ಲೆಕ್ಕವಲ್ಲದೆ ಟೇಪು ಹಿಡಿದು ದೂರ ಅಳೆದು ಬರೆದಿಟ್ಟು, ಮುಖ್ಯವಾದ ಗುರುತುಗಳ ಮೇಲೆ ಟಾರ್ಪಾಲು ಹಾಸಿ. ಈ ದಿನಗಳಲ್ಲಿ ಸಂಜೆ ನಾಲ್ಕಾದರೆ ಮತ್ತೆ ಮಳೆ ಬರುತ್ತದೆ. ಹುಲ್ಲಿನ ಮೇಲಿನ ಗುರುತು ಒಂದು ಮಳೆಗೆ ಅಳಿಸಿ ಹೋದರೆ, ಬ್ರೇಕ್ ಒಂದೇ ಕಡೆ ಹಿಡಿಯಿತೋ, ಎರಡೂ ಹಿಡಿಯಲಿಲ್ಲವೋ, ಗಾಳಿ ತಳ್ಳಿತೋ ಎಂಬುದನ್ನು ಆಮೇಲೆ ಯಾರೂ ಹೇಳಲಾರರು.

ವಿಮಾನವನ್ನು ಇನ್ನು ಮುಂದೆ ಮುಟ್ಟಬೇಡಿ. ಸರಿಸಿದ್ದನ್ನು ಮುಚ್ಚಿಡುವ ಆಲೋಚನೆಯಿಂದ ಮತ್ತೆ ಗದ್ದೆಗೆ ತಂದು ನಿಲ್ಲಿಸುವ ಕೆಲಸವನ್ನಂತೂ ಮಾಡಲೇಬೇಡಿ. ಯಾರು, ಎಷ್ಟು ಗಂಟೆಗೆ, ಏಕೆ, ಯಾವ ಭಾಗವನ್ನು ಹಿಡಿದು ಎತ್ತಿದರು ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಆ ಆರು ಜನರ ಸಹಿ ಹಾಕಿಸಿ. ಮುರಿದ ಪ್ರೊಪೆಲ್ಲರ್ ಚೂರುಗಳನ್ನು ಹುಡುಕಿ ಒಂದು ಚೀಲದಲ್ಲಿ ಕಟ್ಟಿಡಿ. ಟ್ಯಾಂಕಿನಿಂದ ಒಂದು ಲೀಟರ್, ತುಂಬಿಸಿದ ಕ್ಯಾನಿನಿಂದ ಒಂದು ಲೀಟರ್ ಇಂಧನವನ್ನು ಶುಭ್ರವಾದ ಬೇರೆಬೇರೆ ಲೋಹದ ಡಬ್ಬಿಗಳಿಗೆ ಹಾಕಿ ಮೊಹರು ಮಾಡಿ ಎಂದು ತನಿಖೆಯವರು ಹೇಳಬಹುದು. ಅವರು ಹೇಳುವವರೆಗೆ ಟ್ಯಾಂಕು ಹಾಗೆಯೇ ಇರಲಿ, ಸೋರುತ್ತಿದ್ದರೆ ಮಾತ್ರ ಹಿಡಿದಿಡಿ. ಲಾಗ್‌ಬುಕ್ಕುಗಳನ್ನು, ಹಾರಾಟಕ್ಕೆ ಮುಂಚಿನ ತಪಾಸಣೆಯ ಹಾಳೆಯನ್ನು ಹ್ಯಾಂಗರ್‌ನಿಂದ ತಂದು ಮನೆಯ ಬೀರುವಿನಲ್ಲಿ ಬೀಗ ಹಾಕಿಡಿ. ಅವುಗಳಲ್ಲಿ ಇಂದಿನ ತಾರೀಖಿನಲ್ಲಿ ಹೊಸದಾಗಿ ಒಂದು ಅಕ್ಷರವನ್ನೂ ಸೇರಿಸಬೇಡಿ.

ಸೈನ್ಯದಲ್ಲಿ ನಾನು ಇಪ್ಪತ್ತು ವರ್ಷ ಎಂಜಿನ್ ಕೆಲಸ ಮಾಡಿದೆ. ಹ್ಯಾಂಗರ್‌ನೊಳಗೆ ಸ್ಪ್ಯಾನರ್ ಒಂದು ಕಾಣೆಯಾದರೂ ಕೈಯೆತ್ತಿ ಹೇಳಬೇಕಾಗಿತ್ತು. ಹೇಳಿದವನಿಗೆ ಬೈಗುಳ ಬಿದ್ದದ್ದುಂಟು, ಆದರೆ ಹೇಳದೆ ಇದ್ದವನ ವಿಮಾನವನ್ನು ಯಾರೂ ನಂಬುತ್ತಿರಲಿಲ್ಲ. ಬುಧವಾರ ಹಾರುವ ಮಾತನ್ನು ದಯವಿಟ್ಟು ಬಿಡಿಸಿ. ಆ ಎಂಜಿನ್ ಬಗ್ಗೆ ನಾಳೆ ಬಿಡುವಾಗಿ ಬರೆಯುತ್ತೇನೆ.

ಕೂಡಿಗೆಯ ಓದುಗ

ಹಿರಿಯರ ಮಾತನ್ನು ಗೌರವಿಸುತ್ತಲೇ ಬೇರೆ ಅಭಿಪ್ರಾಯ ಹೇಳುತ್ತೇನೆ. ನನ್ನ ಬಂಧುಗಳೂ ಸಾಹಸ ಪ್ರವಾಸೋದ್ಯಮದಲ್ಲಿ ಇದ್ದಾರೆ. ಒಂದು ಹಂಗಾಮಿನ ದುಡಿಮೆ ಅಕ್ಟೋಬರ್‌ನಿಂದ ಮೇವರೆಗೆ ಮಾತ್ರ. ಜೂನ್ ಬಂದರೆ ನಾಲ್ಕು ತಿಂಗಳು ಬಾಗಿಲು ಹಾಕಬೇಕು. ಪ್ರೊಪೆಲ್ಲರ್ ಮತ್ತು ಚಕ್ರಕ್ಕೆ ಆದ ಹಾನಿ ಅಪಘಾತದ ವ್ಯಾಖ್ಯೆಯೊಳಗೆ ಬರುವುದಿಲ್ಲ ಎಂದು ಕೇಳಿದ್ದೇನೆ. 2,250 ಕಿಲೋಗಿಂತ ಕಡಿಮೆ ತೂಕದ ವಿಮಾನಗಳ ವಿಷಯವನ್ನು ವರದಿ ಮಾಡಬೇಕಾಗಿಲ್ಲ ಎಂದೂ ಹೇಳುತ್ತಾರೆ. ಹಾಗಿದ್ದರೆ ಯಾರಿಗೂ ಪೆಟ್ಟಾಗದ ಒಂದು ಜಾರುವಿಕೆಗಾಗಿ ತಾವಾಗಿಯೇ ಹೋಗಿ ತೊಂದರೆಯನ್ನು ಮನೆಗೆ ಕರೆತರಬೇಕೆ? ರಿಪೇರಿಯನ್ನು ಒಳ್ಳೆಯ ಎಂಜಿನಿಯರ್ ಕೈಯಲ್ಲಿ ಮಾಡಿಸಿದರೆ ಸಾಕಲ್ಲವೇ?

ಬೋಧಕ, ಮೂಲತಃ ಮಡಿಕೇರಿ, ಈಗ ಬೆಂಗಳೂರು

ಕೂಡಿಗೆಯ ಮಿತ್ರರು ಕೇಳಿದ್ದು ನ್ಯಾಯವಾದ ಪ್ರಶ್ನೆ, ಮತ್ತು ಚಿಕ್ಕ ಹಾರುತಾಣಗಳಲ್ಲೆಲ್ಲ ಇದೇ ಎರಡು ಮಾತು ಓಡಾಡುತ್ತಿರುತ್ತವೆ. ಎರಡರಲ್ಲಿಯೂ ಅರ್ಧ ಸತ್ಯವಿದೆ.

ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ 13ನೆಯ ಅನುಬಂಧದ ವ್ಯಾಖ್ಯೆಯನ್ನೇ ನಮ್ಮ ದೇಶದ ನಿಯಮಗಳೂ ಅನುಸರಿಸುತ್ತವೆ. ಹಾರುವ ಉದ್ದೇಶದಿಂದ ಮೊದಲನೆಯವರು ಹತ್ತಿದ ಕ್ಷಣದಿಂದ ಕೊನೆಯವರು ಇಳಿಯುವವರೆಗೆ ಯಾರಾದರೂ ಸತ್ತರೆ ಅಥವಾ ಗಂಭೀರವಾಗಿ ಗಾಯಗೊಂಡರೆ, ಅಥವಾ ವಿಮಾನದ ಬಲವನ್ನೋ ಹಾರಾಟದ ಗುಣವನ್ನೋ ಕೆಡಿಸುವಂಥ, ದೊಡ್ಡ ರಿಪೇರಿ ಬೇಕಾಗುವಂಥ ಹಾನಿಯಾದರೆ ಅದು ಅಪಘಾತ. ಪ್ರೊಪೆಲ್ಲರ್, ರೆಕ್ಕೆಯ ತುದಿ, ಟಯರು, ಬ್ರೇಕು, ಚಕ್ರಗಳಿಗಷ್ಟೇ ಸೀಮಿತವಾದ ಹಾನಿಗೆ ವಿನಾಯಿತಿ ಇರುವುದು ನಿಜ. ಚಕ್ರದ ಕಾಲಿಗೆ ಆದ ಸಣ್ಣ ಹಾನಿಗೂ ಇದೆ. ಆದರೆ ಹಿಂದಕ್ಕೆ ಮಡಚಿಕೊಂಡ ಕಾಲು ಸಣ್ಣ ಹಾನಿ ಎನ್ನಲು ನನಗೆ ಧೈರ್ಯವಿಲ್ಲ. ಮುಂದೆ ಎಂಜಿನ್ ಇರುವ ಹಲವು ಮೈಕ್ರೋಲೈಟ್‌ಗಳಲ್ಲಿ ಆ ಕಾಲು ಕೂಡಿಕೊಂಡಿರುವುದು ಎಂಜಿನ್ ಮತ್ತು ಕಾಕ್‌ಪಿಟ್ ನಡುವಿನ ಚೌಕಟ್ಟಿಗೆ. ಅಲ್ಲಿನ ಕೊಳವೆ ಸ್ವಲ್ಪ ಬಾಗಿದ್ದರೂ, ಬೆಸುಗೆಯಲ್ಲಿ ಬಿರುಕು ಬಿಟ್ಟಿದ್ದರೂ, ವಿನಾಯಿತಿಯ ಮಾತು ಅಲ್ಲಿಗೇ ಮುಗಿಯಿತು. ಅದನ್ನು ಬಣ್ಣ ಕೆರೆದು ನೋಡದೆ ಹೇಳಲಾಗದು.

ಇನ್ನು ಹಾನಿಯ ಚರ್ಚೆಯೇ ಬೇಡ ಎನ್ನೋಣ. ಇಳಿಯುವಾಗ ರನ್‌ವೇಯ ಪಕ್ಕಕ್ಕೆ ಓಡಿಹೋಗುವುದು ಅದೇ ಅನುಬಂಧವು ಗಂಭೀರ ಘಟನೆಗೆ ಕೊಟ್ಟಿರುವ ಉದಾಹರಣೆಗಳಲ್ಲಿ ಸೇರಿದೆ. ಆದ್ದರಿಂದ ಅಪಘಾತ ಅಲ್ಲ ಎಂದು ವಾದಿಸಿ ಗೆದ್ದರೂ ತಿಳಿಸುವ ಕರ್ತವ್ಯದಿಂದ ಬಿಡುಗಡೆ ಸಿಗುವುದಿಲ್ಲ. 2,250 ಕಿಲೋ ಎಂಬ ಅಂಕಿ ಬಂದಿರುವುದು ಒಂದು ದೇಶ ಆ ಅಂತರರಾಷ್ಟ್ರೀಯ ಸಂಸ್ಥೆಗೆ ಯಾವಾಗ ತಿಳಿಸಬೇಕು ಎಂಬ ನಿಯಮದಿಂದ. ವಿಮಾನದ ಒಡೆಯ ತನ್ನ ಸರ್ಕಾರಕ್ಕೆ ತಿಳಿಸುವುದಕ್ಕೂ ಆ ಅಂಕಿಗೂ ಸಂಬಂಧವಿಲ್ಲ. ಎರಡು ಆಸನದ ಮೈಕ್ರೋಲೈಟ್‌ನ ತೂಕದ ಮಿತಿಯೇ 450 ಕಿಲೋ ಆಸುಪಾಸು. ಆ ತರ್ಕದಂತೆ ನಡೆದರೆ ಯಾವ ಮೈಕ್ರೋಲೈಟ್‌ನ ಸಾವನ್ನೂ ವರದಿ ಮಾಡಬೇಕಾಗಿಲ್ಲ ಎಂದಾಗುತ್ತದೆ.

ಗದ್ದೆಮನೆಯವರೇ, ತಮ್ಮ ಬರಹದಲ್ಲಿ ನನ್ನನ್ನು ಹೆಚ್ಚು ಕಾಡಿದ ವಾಕ್ಯ ಆ ಸ್ನೇಹಿತರ ಮಣಿಕಟ್ಟಿನದು. ಗಂಭೀರ ಗಾಯದ ವ್ಯಾಖ್ಯೆಯಲ್ಲಿ ಮೂಳೆ ಮುರಿತವೂ ಸೇರಿದೆ. ಕೈಕಾಲು ಬೆರಳು ಮತ್ತು ಮೂಗಿನ ಸರಳ ಮುರಿತಗಳಿಗಷ್ಟೇ ವಿನಾಯಿತಿ. ಮುಂದಕ್ಕೆ ಮುಗ್ಗರಿಸುವಾಗ ಕೈಯೂರಿದವರ ಮಣಿಕಟ್ಟಿನಲ್ಲಿ ಕೂದಲೆಳೆಯಂಥ ಬಿರುಕು ಬಿಡುವುದು ಅಪರೂಪವಲ್ಲ. ಅವರು ಇಂದೇ ಎಕ್ಸ್‌ರೇ ತೆಗೆಸಿಕೊಳ್ಳಲಿ. ಹಾಗೆಯೇ ತಮ್ಮನವರು ಇಂದೇ ಸರ್ಕಾರಿ ಆಸ್ಪತ್ರೆಗೆ ಹೋಗಿ ವೈದ್ಯರಿಂದ ತಪಾಸಣೆ ಮಾಡಿಸಿಕೊಂಡು, ಮದ್ಯದ ಪರೀಕ್ಷೆಯನ್ನೂ ಕೇಳಿ ಮಾಡಿಸಿಕೊಂಡು, ಸಮಯ ನಮೂದಿಸಿದ ಚೀಟಿ ಪಡೆಯಲಿ. ನಾಳೆ ಯಾರಾದರೂ ಮಾತನಾಡಿದರೆ ಇಂದಿನ ಚೀಟಿಯೊಂದೇ ಉತ್ತರವಾಗುತ್ತದೆ.

2017ರಲ್ಲಿ ಹೊರಡಿಸಿದ ಅಪಘಾತ ತನಿಖಾ ನಿಯಮಗಳ ಪ್ರಕಾರ ಪೈಲಟ್, ಒಡೆಯ ಅಥವಾ ನಿರ್ವಾಹಕ ಸಾಧ್ಯವಾದಷ್ಟು ಬೇಗ, ಹೆಚ್ಚೆಂದರೆ 24 ಗಂಟೆಯೊಳಗೆ, ವಿಮಾನ ಅಪಘಾತ ತನಿಖಾ ಸಂಸ್ಥೆಯಾದ ಎಎಐಬಿಗೂ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವಾದ ಡಿಜಿಸಿಎಗೂ ತಿಳಿಸಬೇಕು. ಅಂದರೆ ತಮಗೆ ನಾಳೆ ಬೆಳಿಗ್ಗೆ ಹತ್ತೂವರೆ ಕೊನೆಯ ಗಡುವು. ಮೊದಲು ದೂರವಾಣಿ, ಕೂಡಲೇ ಮಿಂಚಂಚೆ. ಡಿಜಿಸಿಎಯ ಬೆಂಗಳೂರು ಕಚೇರಿಗೂ ಪ್ರತಿ ಹೋಗಲಿ. ವಿಮಾನದ ಮಾದರಿ, ವಿಟಿ ಎಂದು ಆರಂಭವಾಗುವ ನೋಂದಣಿ ಗುರುತು, ಒಡೆಯರ ಮತ್ತು ಪೈಲಟ್‌ನ ಹೆಸರು, ದಿನಾಂಕ, ಸಮಯ, ಎಲ್ಲಿಂದ ಹೊರಟು ಎಲ್ಲಿ ಇಳಿಯುತ್ತಿತ್ತು, ಸುಲಭವಾಗಿ ಗುರುತಿಸಬಹುದಾದ ಒಂದು ಊರಿನಿಂದ ಎಷ್ಟು ದೂರ, ಅಕ್ಷಾಂಶ ರೇಖಾಂಶ, ಒಳಗಿದ್ದವರು ಎಷ್ಟು, ಗಾಯ ಏನು, ಹಾನಿ ಏನು, ಇಷ್ಟನ್ನು ಗೊತ್ತಿರುವ ಮಟ್ಟಿಗೆ ಬರೆದರೆ ಸಾಕು. ವಿಮಾನವನ್ನು ಸರಿಸಲಾಗಿದೆ ಎಂಬುದನ್ನೂ ಅದರಲ್ಲೇ ಬರೆಯಿರಿ. ಕಾರಣ ಏನಿರಬಹುದು ಎಂಬ ಊಹೆಯನ್ನು ಮಾತ್ರ ಬರೆಯಬೇಡಿ. ಬ್ರೇಕ್ ವಿಫಲವಾಯಿತು ಎಂದು ಇಂದು ಬರೆದು, ನಾಳೆ ಬ್ರೇಕ್ ಸರಿಯಾಗಿಯೇ ಇದೆ ಎಂದು ಕಂಡುಬಂದರೆ, ತಮ್ಮನವರ ಉಳಿದ ಸತ್ಯವಾದ ಮಾತುಗಳಿಗೂ ಬೆಲೆ ಕಡಿಮೆಯಾಗುತ್ತದೆ.

ತಮ್ಮ ಜಾಗದ ಬಗ್ಗೆ ಒಂದು ಲೆಕ್ಕ. ಆ ಗದ್ದೆಗಳು ಸುಮಾರು 950 ಮೀಟರ್ ಎತ್ತರದಲ್ಲಿವೆ ಎಂದಿಟ್ಟುಕೊಳ್ಳಿ. ಹತ್ತೂವರೆಗೆ 27 ಡಿಗ್ರಿ ಬಿಸಿಯಿದ್ದರೆ ವಿಮಾನದ ಪಾಲಿಗೆ ಅಲ್ಲಿನ ಗಾಳಿ 1,600 ಮೀಟರ್ ಎತ್ತರದ ಗಾಳಿಯಷ್ಟು ತೆಳ್ಳಗಿರುತ್ತದೆ. ವೇಗದ ಮುಳ್ಳು ಎಂದಿನ ಅಂಕಿಯನ್ನೇ ತೋರಿಸುತ್ತಿದ್ದರೂ ಚಕ್ರ ನೆಲ ಮುಟ್ಟುವಾಗಿನ ನಿಜವಾದ ವೇಗ ಸಮುದ್ರಮಟ್ಟಕ್ಕಿಂತ ಶೇಕಡಾ 8ರಷ್ಟು ಹೆಚ್ಚು, ಬ್ರೇಕು ಅರಗಿಸಿಕೊಳ್ಳಬೇಕಾದ ಶಕ್ತಿ ಶೇಕಡಾ 17ರಷ್ಟು ಹೆಚ್ಚು. ಅದರ ಮೇಲೆ ಒದ್ದೆ ಹುಲ್ಲು. ಇದು ಕಾರಣ ಎಂದು ನಾನು ಹೇಳುತ್ತಿಲ್ಲ. ತನಿಖೆಯವರು ಅಂದಿನ ತಾಪಮಾನ, ಗಾಳಿ ಮತ್ತು ಹುಲ್ಲಿನ ಎತ್ತರವನ್ನು ಕೇಳಿದಾಗ ಏಕೆ ಕೇಳುತ್ತಿದ್ದಾರೆಂದು ತಿಳಿದಿರಲಿ, ಇಂದೇ ಬರೆದಿಟ್ಟುಕೊಳ್ಳಿ.

ವಕೀಲ, ಮಡಿಕೇರಿ

ಬೋಧಕರು ಹೇಳಿದ ಪಟ್ಟಿಗೆ ಇನ್ನೆರಡು ಸೇರಬೇಕು. ಅದೇ ನಿಯಮಗಳ ಪ್ರಕಾರ ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ, ಅಂದರೆ ನಮ್ಮ ಜಿಲ್ಲಾಧಿಕಾರಿಗಳಿಗೆ, ಮತ್ತು ಹತ್ತಿರದ ಪೊಲೀಸ್ ಠಾಣೆಯ ಅಧಿಕಾರಿಗೂ ತಿಳಿಸಬೇಕು. ಠಾಣೆಗೆ ಬರಹದಲ್ಲಿ ಕೊಡಿ, ಎರಡನೆಯ ಪ್ರತಿಯ ಮೇಲೆ ಮೊಹರು ಮತ್ತು ಸಮಯದೊಂದಿಗೆ ಸ್ವೀಕೃತಿ ಪಡೆಯಿರಿ. ಠಾಣೆಯವರು ಸ್ಥಳಕ್ಕೆ ಬಂದು ಮಹಜರು ಬರೆದರೆ ಸಹಕರಿಸಿ, ಓದಿ ನೋಡಿ ಸಹಿ ಮಾಡಿ. ನಮ್ಮ ಕಡೆಯ ಠಾಣೆಗಳಿಗೆ ವಿಮಾನದ ಪ್ರಕರಣ ಹೊಸದು, ರಸ್ತೆ ಅಪಘಾತದ ಅಭ್ಯಾಸದಂತೆ ವಾಹನವನ್ನು ಠಾಣೆಗೆ ಸಾಗಿಸುವ ಯೋಚನೆ ಅವರಿಗೆ ಬರುವುದು ಸಹಜ. ಜನರನ್ನು ಅಥವಾ ಪ್ರಾಣಿಗಳನ್ನು ಹೊರತೆಗೆಯಲು, ಬೆಂಕಿಯಂಥ ನಾಶವನ್ನು ತಡೆಯಲು, ಸಾರ್ವಜನಿಕರಿಗೆ ಅಪಾಯ ಅಥವಾ ಅಡ್ಡಿಯಾಗದಂತೆ ನೋಡಿಕೊಳ್ಳಲು ಮಾತ್ರ ವಿಮಾನವನ್ನು ಕದಲಿಸಬಹುದು, ಉಳಿದದ್ದಕ್ಕೆಲ್ಲ ತನಿಖಾ ಸಂಸ್ಥೆಯ ಅನುಮತಿ ಬೇಕು ಎಂಬ ನಿಯಮದ ಭಾಗವನ್ನು ಮುದ್ರಿಸಿ ಕೈಯಲ್ಲಿಟ್ಟುಕೊಂಡು ವಿನಯದಿಂದ ತೋರಿಸಿ. ನಾನು ಕಂಡಂತೆ, ಕಾಗದ ತೋರಿಸಿದರೆ ಅವರು ಒಪ್ಪುತ್ತಾರೆ.

ಈ ಮಾನದಂಡದಲ್ಲಿ ನೋಡಿದರೆ ಬೆಳಿಗ್ಗೆ ವಿಮಾನವನ್ನು ಹ್ಯಾಂಗರ್‌ಗೆ ತಳ್ಳಿದ್ದು ಸರಿಯಾಗಲಿಲ್ಲ. ಗೊತ್ತಿಲ್ಲದೆ ಆಯಿತೆಂದು ಮೊದಲ ಪತ್ರದಲ್ಲೇ ಒಪ್ಪಿಕೊಳ್ಳುವುದು ಒಂದು, ಆಮೇಲೆ ಯಾರದೋ ಮೊಬೈಲ್ ವಿಡಿಯೊದಿಂದ ಹೊರಬರುವುದು ಇನ್ನೊಂದು. ಆರು ಜನ ಕೆಲಸದವರಿದ್ದ ಕಡೆ ವಿಡಿಯೊ ಇಲ್ಲದೇ ಇರುವುದಿಲ್ಲ.

ತನಿಖೆ ಎಂದರೆ ಶಿಕ್ಷೆ ಎಂದು ತಮ್ಮನವರು ಹೆದರಿದ್ದಾರೆ. ಎಎಐಬಿ ತನಿಖೆಯ ಏಕೈಕ ಉದ್ದೇಶ ಮುಂದಿನ ಅಪಘಾತಗಳನ್ನು ತಡೆಯುವುದು, ತಪ್ಪು ಅಥವಾ ಹೊಣೆಯನ್ನು ಹೊರಿಸುವುದಲ್ಲ ಎಂದು ನಿಯಮವೇ ಹೇಳುತ್ತದೆ. ಎಎಐಬಿ ಸ್ಥಾಪನೆಯಾದದ್ದು 2012ರ ಜುಲೈನಲ್ಲಿ. ನಿಯಂತ್ರಣ ಮಾಡುವವರು ಮತ್ತು ತನಿಖೆ ಮಾಡುವವರು ಬೇರೆಬೇರೆ ಇರಬೇಕೆಂಬುದು ಅದರ ಹಿಂದಿನ ತತ್ವ. ಆದರೂ ಪೂರ್ತಿ ನಿಶ್ಚಿಂತೆ ಕೊಡಲಾರೆ: ಡಿಜಿಸಿಎ ತನ್ನ ಅಧಿಕಾರದಲ್ಲಿ ಲೈಸೆನ್ಸಿನ ಮೇಲೆ ಕ್ರಮ ಕೈಗೊಳ್ಳಬಹುದು, ಪೊಲೀಸರು ಇತರರ ಜೀವಕ್ಕೆ ಅಪಾಯ ತಂದ ಆರೋಪದ ಮೇಲೆ ಭಾರತೀಯ ನ್ಯಾಯ ಸಂಹಿತೆಯ 125ನೆಯ ಕಲಮನ್ನು ಹಾಕಬಹುದು. ತಿಳಿಸದೇ ಇದ್ದರೆ ಇವೆರಡೂ ತಪ್ಪುವುದಿಲ್ಲ, ಮುಚ್ಚಿಟ್ಟ ಆರೋಪ ಮೂರನೆಯದಾಗಿ ಸೇರುತ್ತದೆ. 1934ರ ವಿಮಾನ ಕಾಯ್ದೆಯ ಜಾಗಕ್ಕೆ 2025ರ ಜನವರಿ 1ರಿಂದ ಭಾರತೀಯ ವಾಯುಯಾನ ಅಧಿನಿಯಮ ಬಂದಿದೆ. ಆದ್ದರಿಂದ ಹಳೆಯ ಪುಸ್ತಕ ನೋಡದೆ, ಸರ್ಕಾರದ ಜಾಲತಾಣದಲ್ಲಿ ಇಂದು ಇರುವ ನಿಯಮದ ಪ್ರತಿಯನ್ನೇ ಇಳಿಸಿಕೊಳ್ಳಿ.

ಜಾಗದ ಒಡೆಯರಾಗಿ ತಿಳಿಸುವ ಮೊದಲ ಹೊಣೆ ತಮ್ಮದಲ್ಲ. ಆದರೆ ಗುತ್ತಿಗೆ ಪತ್ರ ಬಾಯಿಮಾತಿನದಾಗಿದ್ದರೆ, ಅಥವಾ ಪಹಣಿಯಲ್ಲಿ ಕುಟುಂಬದ ಹಲವರ ಹೆಸರಿದ್ದು ಒಬ್ಬರೇ ಒಪ್ಪಿಗೆ ಕೊಟ್ಟಿದ್ದರೆ, ವಿಮಾ ಕಂಪನಿಯ ಸರ್ವೇಯರ್ ಕೇಳುವ ಪ್ರಶ್ನೆಗಳಿಗೆ ಈಗಲೇ ಸಿದ್ಧರಾಗಿ. ವಿಮೆಯವರಿಗೂ ಇಂದೇ ತಿಳಿಸಿ. ಅವರು ನೋಡುವ ಮುನ್ನ ಚಕ್ರದ ಕಾಲನ್ನು ನೆಟ್ಟಗೆ ಮಾಡಿಸಿದರೆ ಪರಿಹಾರದ ಆಸೆ ಬಿಡಬೇಕಾಗುತ್ತದೆ.

ಗದ್ದೆಮನೆ, ಭಾನುವಾರ ರಾತ್ರಿ

ತಮ್ಮೆಲ್ಲರಿಗೂ ನಾನು ಮತ್ತು ನನ್ನ ತಮ್ಮ ಋಣಿಗಳು. ನಡೆದದ್ದನ್ನು ತಿಳಿಸುತ್ತೇನೆ.

ವಿರಾಜಪೇಟೆಯ ಹಿರಿಯರ ಉತ್ತರ ಓದಿ ಗೂಟ ಹೊಡೆದು ಟಾರ್ಪಾಲು ಹಾಸಿ ಮನೆಗೆ ಬರುವಷ್ಟರಲ್ಲಿ ಮಳೆ ಶುರುವಾಯಿತು. ರಾತ್ರಿ ಎಂಟಕ್ಕೆ ಮೈಸೂರಿನಿಂದ ಕರೆ ಬಂತು. ಎಕ್ಸ್‌ರೇಯಲ್ಲಿ ಮಣಿಕಟ್ಟಿನ ಮೂಳೆ ಬಿರುಕು ಬಿಟ್ಟಿದೆ, ಪಟ್ಟಿ ಹಾಕಿದ್ದಾರೆ. ಆ ಕರೆಯ ನಂತರ ಪಾಲುದಾರರು ಒಂದು ಮಾತನ್ನೂ ಆಡಲಿಲ್ಲ, ತಾವೇ ಕುಳಿತು ಪತ್ರ ಬರೆಯಲು ನೆರವಾದರು. ರಾತ್ರಿ ಒಂಬತ್ತೂವರೆಗೆ ದೂರವಾಣಿ ಮಾಡಿದೆವು, ಹತ್ತು ಗಂಟೆಗೆ ಮಿಂಚಂಚೆ ಹೋಯಿತು, ಇಂದು ಬೆಳಿಗ್ಗೆ ಏಳಕ್ಕೆ ಠಾಣೆಯಲ್ಲಿ ಸ್ವೀಕೃತಿ ಸಿಕ್ಕಿತು. ದೂರವಾಣಿಯಲ್ಲಿ ಮಾತನಾಡಿದ ಅಧಿಕಾರಿ ಗದರಲಿಲ್ಲ. ಪ್ರಯಾಣಿಕರು ಹೇಗಿದ್ದಾರೆ ಎಂದು ಮೊದಲು ಕೇಳಿದರು, ಗುರುತುಗಳನ್ನು ಮುಚ್ಚಿಟ್ಟಿದ್ದೇವೆ ಎಂದಾಗ ಅದರ ಫೋಟೊ ಕಳಿಸಲು ಹೇಳಿದರು, ಅನುಮತಿ ಬರುವವರೆಗೆ ಹ್ಯಾಂಗರ್ ಬೀಗ ತೆಗೆಯಬೇಡಿ ಎಂದರು. ಮುಂದೆ ಏನಾಗುವುದೋ ತಿಳಿಯದು. ಆದರೆ ತಮ್ಮ ನಿನ್ನೆ ರಾತ್ರಿ ನಿದ್ರೆ ಮಾಡಿದ.

ಒಂದು ಪ್ರಶ್ನೆ ಉಳಿದಿದೆ. ಅನುಮತಿ ಸಿಕ್ಕ ಮೇಲೆ ಎಂಜಿನ್‌ಗೆ ಏನು ಮಾಡಿಸಬೇಕು? ಇದು ರೋಟಾಕ್ಸ್ 912. ಪ್ರೊಪೆಲ್ಲರ್ ತಾಗಿದಾಗ ಎಂಜಿನ್ ನಿಧಾನಗತಿಯಲ್ಲಿತ್ತು, ತಾಗಿದೊಡನೆ ನಿಂತುಹೋಯಿತು.

ನಿವೃತ್ತ ವಾಯುಸೈನಿಕ, ವಿರಾಜಪೇಟೆ

ತಾಗಿದೊಡನೆ ನಿಂತಿತು ಎನ್ನುವುದೇ ಮುಖ್ಯ. ತಿರುಗುತ್ತಿದ್ದ ಎಂಜಿನ್ ಒಮ್ಮೆಗೇ ನಿಂತಾಗ ಆ ಪೆಟ್ಟು ಪ್ರೊಪೆಲ್ಲರ್‌ನಲ್ಲಿ ಮುಗಿಯುವುದಿಲ್ಲ. ಅದು ವೇಗ ತಗ್ಗಿಸುವ ಗೇರ್‌ಬಾಕ್ಸಿನ ಮೂಲಕ ಕ್ರ್ಯಾಂಕ್‌ಶಾಫ್ಟ್‌ವರೆಗೆ ಹೋಗುತ್ತದೆ. ಗೇರ್‌ಬಾಕ್ಸ್ ಬಿಚ್ಚಿ ಹಲ್ಲು, ಬೇರಿಂಗ್ ಮತ್ತು ಕ್ಲಚ್ ನೋಡಬೇಕು, ಪ್ರೊಪೆಲ್ಲರ್ ಶಾಫ್ಟ್ ಮತ್ತು ಕ್ರ್ಯಾಂಕ್‌ಶಾಫ್ಟ್‌ನ ತುದಿಗೆ ಡಯಲ್ ಗೇಜ್ ಇಟ್ಟು ತಿರುಗಿಸಿ ಸೊಟ್ಟ ಎಷ್ಟಿದೆ ಎಂದು ಅಳೆಯಬೇಕು, ಎಂಜಿನ್ ಹಿಡಿದಿರುವ ರಬ್ಬರ್ ಮತ್ತು ಕೊಳವೆಗಳನ್ನು ಒಂದೊಂದಾಗಿ ನೋಡಬೇಕು. ಇದನ್ನು ತಯಾರಕರ ಕೈಪಿಡಿಯಂತೆ, ಅಧಿಕಾರವುಳ್ಳ ಎಂಜಿನಿಯರ್ ಮಾಡಿ ಲಾಗ್‌ಬುಕ್ಕಿನಲ್ಲಿ ಬರೆದು ಸಹಿ ಹಾಕಬೇಕು. ಬದಲಿ ಪ್ರೊಪೆಲ್ಲರ್ ಹಾಕಿ ಬುಧವಾರ ಹಾರಿದ್ದರೆ ಎಂಜಿನ್ ಶಬ್ದ ಚೆನ್ನಾಗಿಯೇ ಕೇಳಿಸುತ್ತಿತ್ತು. ಬಿರುಕು ಬಿಟ್ಟ ಗೇರ್ ಹಲ್ಲು ಮುರಿಯುವುದು ಪೂರ್ತಿ ಬಲ ಕೊಟ್ಟು ಮೇಲೇರುವಾಗ, ನಮ್ಮ ಕಡೆ ಆ ಹೊತ್ತಿಗೆ ಕೆಳಗಿರುವುದು ಸಿಲ್ವರ್ ಓಕ್ ಮರಗಳು.

ಮತ್ತೊಂದು ವಿಷಯ. ಆ ಎಂಜಿನ್‌ಗೆ ತಯಾರಕರು ಒಪ್ಪಿರುವುದು ಶೇಕಡಾ 10ರವರೆಗಿನ ಎಥೆನಾಲ್ ಇರುವ ಪೆಟ್ರೋಲನ್ನು. ಈಗ ಬಂಕುಗಳಲ್ಲಿ ಸಿಗುವುದು ಸಾಮಾನ್ಯವಾಗಿ ಶೇಕಡಾ 20ರದು. ಯಾವ ಇಂಧನ, ಎಲ್ಲಿಂದ ತಂದದ್ದು ಎಂದು ಕೇಳಿದರೆ ರಸೀದಿ ತೋರಿಸಲು ಸಿದ್ಧವಿರಲಿ.

ಗದ್ದೆಮನೆ

ರಸೀದಿಗಳು ಇವೆ, ಒಂದೆಡೆ ಸೇರಿಸಿದ್ದೇನೆ. ಬೋಧಕರು ಖಾಸಗಿಯಾಗಿ ಸೂಚಿಸಿದಂತೆ, ಇಲ್ಲಿ ಇಳಿದು ಅಭ್ಯಾಸವಿರುವ ಮೈಸೂರು ಕಡೆಯ ಇನ್ನಿಬ್ಬರು ಪೈಲಟ್‌ಗಳಿಗೆ ಕರೆ ಮಾಡಿ ಪಟ್ಟಿ ಮುಚ್ಚಿದೆ ಎಂದು ತಿಳಿಸಿದ್ದೇವೆ. ಇಂದು ಸಂಜೆ ಮಳೆ ಬಿಟ್ಟ ಮೇಲೆ, ಗೂಟಗಳಿಗೂ ಟಾರ್ಪಾಲಿಗೂ ದೂರವಾಗಿ, ಪಟ್ಟಿಯ ಎರಡೂ ತುದಿಗಳಲ್ಲಿ ಮೇಲಿನಿಂದ ಕಾಣುವಂತೆ ಸುಣ್ಣದಿಂದ, ಪಟ್ಟಿ ಮುಚ್ಚಿದೆ ಎಂದು ಸೂಚಿಸುವ ದೊಡ್ಡ ಬಿಳಿ ಕತ್ತರಿ (X) ಗುರುತು ಹಾಕಿಸಿದ್ದೇನೆ. ಮಳೆಗೆ ಅಳಿಸಿದರೆ ನಾಳೆ ಮತ್ತೆ ಹಾಕಿಸುತ್ತೇನೆ.